ಹಳೇ ಜೀಪಿಗೆ ಯಾವ ಫಿನಿಶ್? ಒಮ್ಮೆ ಮ್ಯಾಟ್ ಮಾಡಿಸಿ ಪೇಚಿಗೆ ಸಿಕ್ಕವನ ಕೈಪಿಡಿ

ನನ್ನ ಹಳೇ ಮಹೀಂದ್ರ ಜೀಪಿಗೆ ಎರಡು ಸಲ ಪೇಂಟ್ ಮಾಡಿಸಿದ್ದೇನೆ. ಮೊದಲನೇ ಸಲ ಮಾಡಿಸಿದ್ದು ಮ್ಯಾಟ್, ಅಂದರೆ ಹೊಳಪಿಲ್ಲದ ಬೂದು. ಗ್ಯಾರೇಜಿನಿಂದ ಹೊರಬಂದ ದಿನ ಬೀದಿಯವರೆಲ್ಲ ನಿಂತು ನೋಡಿದರು. ಮೂರು ತಿಂಗಳಾಗುವಷ್ಟರಲ್ಲಿ ಮನೆ ಮುಂದಿನ ಮಳೆಮರ ತನ್ನ ಕೆಲಸ ಮಾಡಿತ್ತು. ಎಲೆಗಳಿಂದ ತೊಟ್ಟಿಕ್ಕುವ ಅಂಟು ಬಾನೆಟ್ ಮೇಲೆ ಚುಕ್ಕಿಚುಕ್ಕಿಯಾಗಿ ಕೂತಿತ್ತು. ಅದನ್ನು ತಿಕ್ಕಿ ತೆಗೆದ ಕಡೆಯೆಲ್ಲ ಅಂಗೈಯಗಲ ಹೊಳೆಯತೊಡಗಿತು. ಅದಾದ ಮೇಲೆ ಸಕಲೇಶಪುರದ ಕಡೆ ಒಂದು ಎಸ್ಟೇಟ್ ದಾರಿಯಲ್ಲಿ ಲಂಟಾನ ಪೊದೆ ಎಡಮಗ್ಗುಲಿನ ಉದ್ದಕ್ಕೂ ಗೆರೆ ಎಳೆಯಿತು. ಟಚ್‌ಅಪ್ ಮಾಡಿಸೋಣ ಅಂತ ಹೋದರೆ ಪೇಂಟರ್ ಗೆರೆಯ ಮೇಲೆ ಬೆರಳಾಡಿಸಿ, “ಸಾರ್, ಮ್ಯಾಟ್‌ಗೆ ಟಚ್‌ಅಪ್ ಅನ್ನೋದೇ ಇಲ್ಲ. ಗೆರೆ ಒಂದೇ ಆದ್ರೂ ಸೈಡ್ ಪೂರ್ತಿ ಹೊಡೀಬೇಕು” ಅಂದರು.

ಎರಡನೇ ಸಲ ಬಣ್ಣದ ಕ್ಯಾಟಲಾಗ್ ಮುಟ್ಟುವ ಮೊದಲೇ ಒಂದು ಪ್ರಶ್ನೆ ಕೇಳಿಕೊಂಡೆ: ಇದಕ್ಕೆ ಗೀರು ಬಿದ್ದಾಗ ಯಾರು, ಎಲ್ಲಿ, ಹೇಗೆ ಸರಿ ಮಾಡುತ್ತಾರೆ? ಷೋರೂಮಿನ ಕಾರಿಗೆ ಈ ಪ್ರಶ್ನೆ ಬೇಡ. ಕಾಡುದಾರಿಗೆ ಇಳಿಯುವ ಗಾಡಿಗೆ ಗೀರು ಬೀಳುವುದು ಖಾತ್ರಿ, ಹಾಗಾಗಿ ರಿಪೇರಿಯಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬಂದರೆ ಫಿನಿಶ್ ತಾನಾಗಿ ಗೊತ್ತಾಗುತ್ತದೆ. ಕೆಳಗಿನ ಹಂತಗಳೆಲ್ಲ ಆ ಲೆಕ್ಕದವೇ.

ಹಂತ 1: ಮೊದಲು ಆರ್‌ಸಿ ತೆಗೆದು ನೋಡಿ

ಎಲ್ಲರೂ ಇದನ್ನು ಕೊನೆಗೆ ಬಿಡುತ್ತಾರೆ. ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ. ಬೇರೆ ಬಣ್ಣಕ್ಕೆ ಹೋಗುವುದಾದರೆ ಆರ್‌ಟಿಒದಲ್ಲಿ ಅದನ್ನು ಬದಲಿಸಿಕೊಳ್ಳಬೇಕು, ಇನ್ಶೂರೆನ್ಸ್ ಕಂಪನಿಗೂ ತಿಳಿಸಬೇಕು. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸುವಾಗ ತಪಾಸಣೆಗೆ ಒಯ್ಯಲೇಬೇಕಲ್ಲ, ಅಲ್ಲಿ ಆರ್‌ಸಿಯಲ್ಲಿ ಬಿಳಿ, ಎದುರಿಗೆ ನೀಲಿ ನಿಂತಿದ್ದರೆ ಇನ್‌ಸ್ಪೆಕ್ಟರ್ ಸುಮ್ಮನೆ ಬಿಡುವುದಿಲ್ಲ. ಸಾಧ್ಯವಿದ್ದರೆ ನವೀಕರಣಕ್ಕೆ ಮೊದಲೇ ಪೇಂಟ್ ಮುಗಿಸಿ ಎರಡೂ ಕೆಲಸಕ್ಕೆ ಒಟ್ಟಿಗೇ ಓಡಾಡಿ. ರಜೆ ಉಳಿಯುತ್ತದೆ.

ಇನ್ನು ಆಲಿವ್ ಗ್ರೀನ್. ಜೀಪ್ ಕೊಂಡವರ ಪೈಕಿ ಹತ್ತರಲ್ಲಿ ಎಂಟು ಜನರ ಮನಸ್ಸಿನಲ್ಲಿರುವುದು ಅದೇ ಬಣ್ಣ, ನನ್ನ ಮನಸ್ಸಿನಲ್ಲೂ ಇತ್ತು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯ ಗಾಡಿಗಳನ್ನು ಬಿಟ್ಟು ಬೇರೆ ಯಾವ ಗಾಡಿಗೂ ಆಲಿವ್ ಗ್ರೀನ್ ಹಚ್ಚುವಂತಿಲ್ಲ. ಸೇನೆಯ ಹರಾಜಿನಲ್ಲಿ ಬಂದ ಜೋಂಗಾ ಎಂಬ ಹಳೇ ಮಿಲಿಟರಿ ಗಾಡಿ ಆದರೂ ಅಷ್ಟೆ, “ಹುಟ್ಟಿದ್ದೇ ಈ ಬಣ್ಣದಲ್ಲಿ” ಎಂಬ ವಾದ ನಡೆಯುವುದಿಲ್ಲ. ಮ್ಯಾಟ್ ಆಗಲಿ ಗ್ಲಾಸಿ ಆಗಲಿ, ಇದು ಫಿನಿಶ್‌ನ ಮಾತೇ ಅಲ್ಲ. ಹಸಿರೇ ಬೇಕು ಅಂತಿದ್ದರೆ ಬೂದು ಬೆರೆತ ಹಸಿರೋ, ಕಾಫಿ ಎಲೆಯಂಥ ಕಡುಹಸಿರೋ ನೋಡಿಕೊಳ್ಳಿ, ಅದರ ಹೆಸರು ಕಾಗದದಲ್ಲಿ ಸ್ಪಷ್ಟವಾಗಿ ಬರಲಿ.

ಗಾಡಿಗೆ 50 ವರ್ಷ ದಾಟಿದ್ದರೆ ಇನ್ನೊಂದು ದಾರಿಯೂ ಇದೆ. 2021ರಲ್ಲಿ ಬಂದ ವಿಂಟೇಜ್ ನಿಯಮಗಳ ಪ್ರಕಾರ ಮೂಲ ರೂಪದಲ್ಲೇ ಉಳಿದಿರುವ, ಛಾಸಿ, ಬಾಡಿ, ಎಂಜಿನ್ ಬದಲಾಗದ ಖಾಸಗಿ ಗಾಡಿಗೆ ‘ವಿಎ’ ಅಕ್ಷರಗಳಿರುವ ನಂಬರ್ ಸಿಗುತ್ತದೆ. ಆದರೆ ಅದನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಪ್ರದರ್ಶನಕ್ಕೆ ಇಡುವ ಗಾಡಿಯೋ, ಬೆಟ್ಟ ಹತ್ತುವ ಗಾಡಿಯೋ ಅನ್ನುವುದನ್ನು ಇಲ್ಲೇ ತೀರ್ಮಾನಿಸಿ. ಪ್ರದರ್ಶನದ್ದಾದರೆ ಕಾರ್ಖಾನೆಯಿಂದ ಬಂದ ಫಿನಿಶ್‌ಗೇ ಹಿಂದಿರುಗಿ, ನನ್ನ ಮುಂದಿನ ಸಲಹೆಗಳಲ್ಲಿ ಅರ್ಧ ನಿಮಗೆ ಬೇಕಾಗುವುದಿಲ್ಲ.

ಹಂತ 2: ಹಳೆಯ ಪದರಗಳನ್ನು ಓದಿ

ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಗಾಡಿಯ ಮೂಲ ಬಣ್ಣ ಹೊರಗೆಲ್ಲೂ ಇರುವುದಿಲ್ಲ. ಹಿಂದಿನ ಪೇಂಟರುಗಳು ಕೆರೆಯದೆ ಬಿಟ್ಟ ಜಾಗದಲ್ಲಿ ಅದು ಅಡಗಿ ಕೂತಿರುತ್ತದೆ: ಡ್ಯಾಶ್‌ಬೋರ್ಡಿನ ಹಿಂಬದಿ, ಡ್ರೈವರ್ ಸೀಟಿನ ಕೆಳಗೆ, ಗ್ಲೋವ್ ಬಾಕ್ಸಿನ ಒಳಗೆ, ಪ್ಲೇಟುಗಳ ಅಡಿಯಲ್ಲಿ, ಬಾನೆಟ್ ಕೀಲಿನ ಸಂದಿಯಲ್ಲಿ.

ಅಂಥ ಒಂದು ಜಾಗ ಆರಿಸಿ, ರೂಪಾಯಿ ನಾಣ್ಯದಷ್ಟು ಅಗಲಕ್ಕೆ 400 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ, ವೃತ್ತಾಕಾರವಾಗಿ ನಿಧಾನಕ್ಕೆ ಉಜ್ಜಿ. ನಡುವೆ ಹೆಚ್ಚು, ಅಂಚಿಗೆ ಕಡಿಮೆ. ತಗಡು ಕಾಣುವಷ್ಟರಲ್ಲಿ ಮರದ ಉಂಗುರಗಳ ಹಾಗೆ ಪದರಗಳು ಬಿಡಿಸಿಕೊಳ್ಳುತ್ತವೆ. ನನ್ನ ಜೀಪಿನ ಸೀಟಿನಡಿ ಹೊರಗಿನಿಂದ ಒಳಕ್ಕೆ ಹೀಗೆ ಬಂತು: ನನ್ನದೇ ಬೂದು, ಅದರ ಕೆಳಗೆ ಬಿಳಿ, ಯಾರೋ ತಿರುಪತಿಗೆ ಹೋಗಿ ಬಂದ ಖುಷಿಗೆ ಹೊಡೆಸಿದ್ದಿರಬಹುದಾದ ಕುಂಕುಮ ಕೆಂಪು, ತೆಳ್ಳನೆಯ ಪುಟ್ಟಿ, ಮತ್ತೊಂದು ಬಿಳಿ, ಎಲ್ಲಕ್ಕಿಂತ ಒಳಗೆ ರೆಡ್ ಆಕ್ಸೈಡಿನ ಮೇಲೆ ಮಾಸಿದ ಆಕಾಶ ನೀಲಿ. ಅಮ್ಮ ಬಂದು ನೋಡಿ, “ನಮ್ಮೂರಿನ ಆಸ್ಪತ್ರೆ ಜೀಪು ಇದೇ ಬಣ್ಣ ಇತ್ತು ಕಣೋ” ಅಂದರು. ನನ್ನ ಬಣ್ಣ ಅಲ್ಲೇ ನಿಗದಿಯಾಯಿತು.

ಪದರ ಓದುವುದರಿಂದ ಬಣ್ಣದ ಜತೆಗೆ ಇನ್ನೂ ಮುಖ್ಯವಾದ ಎರಡು ಸಂಗತಿ ತಿಳಿಯುತ್ತವೆ. ಒಂದು, ಎಷ್ಟು ದಪ್ಪ ಪೇಂಟ್ ಕೂತಿದೆ. ಕಾರ್ಖಾನೆಯ ಪೇಂಟ್ ಎಲ್ಲ ಸೇರಿ ಸುಮಾರು 100ರಿಂದ 150 ಮೈಕ್ರಾನ್. ಐದು ಮಾಲೀಕರ ಕೈದಾಟಿ ಬಂದ ಜೀಪಿನಲ್ಲಿ ಅದರ ಹಲವು ಪಟ್ಟು ಇರುತ್ತದೆ. ಅಷ್ಟು ದಪ್ಪದ ಮೇಲೆ ಯಾವ ದುಬಾರಿ ಪೇಂಟ್ ಹೊಡೆದರೂ ಬಿರುಕು ಬಿಡುವುದು ಖಚಿತ, ತಗಡಿನವರೆಗೂ ಕೆರೆಯಲೇಬೇಕು. ಎರಡು, ಪುಟ್ಟಿ ಎಲ್ಲೆಲ್ಲಿದೆ. ಸ್ಪೀಕರಿನಿಂದ ಕಿತ್ತ ಚಿಕ್ಕ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಪ್ಯಾನೆಲ್ ಮೇಲೆ ಎಳೆಯುತ್ತಾ ಹೋಗಿ. ಹಿಡಿತ ಸಡಿಲವಾದ ಕಡೆ ಪುಟ್ಟಿ ಇದೆ, ಬಹುಪಾಲು ಅದರ ಹಿಂದೆ ತುಕ್ಕೂ ಇದೆ.

ಒಂದು ಎಚ್ಚರಿಕೆ: ಹಳೆಯ ಹಳದಿ, ಹಸಿರು, ಕಿತ್ತಳೆ ಬಣ್ಣಗಳಲ್ಲೂ ಕೆಂಪು ಪ್ರೈಮರಿನಲ್ಲೂ ಸೀಸ ಇರುವ ಸಾಧ್ಯತೆ ಹೆಚ್ಚು. ಒಣಗಿದ ಪೇಂಟನ್ನು ಗ್ರೈಂಡರಿನಲ್ಲಿ ಉಜ್ಜಿ ಧೂಳೆಬ್ಬಿಸಬೇಡಿ. ಮಕ್ಕಳಿರುವ ಮನೆಯ ಕಾರ್ ಪಾರ್ಕಿಂಗಿನಲ್ಲಂತೂ ಬೇಡವೇ ಬೇಡ.

ಹಂತ 3: ಥಿನ್ನರ್ ಪರೀಕ್ಷೆ

ತಗಡಿನವರೆಗೂ ಕೆರೆಯದೆ ಯಾವುದಾದರೂ ಭಾಗವನ್ನು ಹಾಗೇ ಉಳಿಸಿಕೊಳ್ಳುವ ಯೋಚನೆ ಇದ್ದರೆ ಇದನ್ನು ಬಿಡಬೇಡಿ. ಎನ್‌ಸಿ (ನೈಟ್ರೊಸೆಲ್ಯುಲೋಸ್) ಪೇಂಟಿನ ಥಿನ್ನರಿನಲ್ಲಿ ನೆನೆಸಿದ ಬಿಳಿ ಬಟ್ಟೆಯನ್ನು ಪೇಂಟಿನ ಮೇಲೆ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಕರಗಿ ಬಟ್ಟೆಗೆ ಹತ್ತಿದರೆ ಅದು ಎನ್‌ಸಿ, ನಮ್ಮ ಗ್ಯಾರೇಜುಗಳ ಮಾತಿನಲ್ಲಿ ಡ್ಯೂಕೋ. ಉಬ್ಬಿ ಸುಕ್ಕುಗಟ್ಟಿದರೆ ಸಿಂಥೆಟಿಕ್ ಎನಾಮಲ್. ಏನೂ ಆಗದಿದ್ದರೆ ಹಾರ್ಡ್‌ನರ್ (ಪೇಂಟನ್ನು ಗಟ್ಟಿಯಾಗಿಸುವ ದ್ರವ) ಬೆರೆಸಿದ 2ಕೆ ಪೇಂಟ್ ಅಥವಾ ಕಾರ್ಖಾನೆಯಲ್ಲಿ ಬೇಯಿಸಿದ ಪೇಂಟ್.

ಈ ಪರೀಕ್ಷೆ ಮಾಡದೆ ನಾನು ಅನುಭವಿಸಿದ್ದು ಇಷ್ಟು. ಮೊದಲ ಸಲ ಬಾನೆಟ್ಟಿನ ಒಳಮೈಯಲ್ಲಿದ್ದ ಬಿಳಿ ಚೆನ್ನಾಗಿಯೇ ಇದೆ ಅಂತ ಬರೀ ಉಜ್ಜಿ ಅದರ ಮೇಲೆ 2ಕೆ ಹೊಡೆಸಿದೆವು. ಎರಡನೇ ಕೋಟ್‌ಗೆ ಸ್ಪ್ರೇ ಗನ್ ಎತ್ತುವಷ್ಟರಲ್ಲಿ ಇಡೀ ಮೇಲ್ಮೈ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಮುದುಡಿಕೊಂಡಿತು. ಕೆಳಗಿದ್ದದ್ದು ಎನಾಮಲ್. ಮೇಲಿನ ಪೇಂಟಿನ ಥಿನ್ನರ್ ಅದನ್ನು ಎತ್ತಿಬಿಟ್ಟಿತ್ತು. ಹಸಿ ಪೇಂಟನ್ನು ಕೆರೆದು ತೆಗೆಯುವುದು ಎಂಥ ನರಕ ಅನ್ನುವುದು ಕೆರೆದವರಿಗೇ ಗೊತ್ತು.

ಹಂತ 4: ಯಾವ ಜಾತಿಯ ಪೇಂಟ್

ಪೇಂಟಿನ ಜಾತಿ ಬೇರೆ, ಹೊಳಪಿನ ಮಟ್ಟ ಬೇರೆ. ಅಂಗಡಿಯಲ್ಲಿ ಎರಡನ್ನೂ ಕಲಸಿ ಮಾತಾಡುತ್ತಾರೆ, ನೀವು ಬಿಡಿಸಿಕೊಂಡು ಕೇಳಿ.

ಸಿಂಥೆಟಿಕ್ ಎನಾಮಲ್ ಅಂದರೆ ಮನೆಯ ಗೇಟಿಗೆ ಬಳಿಯುವ ಪೇಂಟಿನ ಕುಲ. ಅಗ್ಗ, ಬ್ರಷ್ಷಿನಲ್ಲೂ ಹಚ್ಚಬಹುದು. ಆದರೆ ಮೆತ್ತಗಿರುತ್ತದೆ, ಪೆಟ್ರೋಲ್ ಚೆಲ್ಲಿದರೆ ಕಲೆಯಾಗುತ್ತದೆ, ಬಿಸಿಲಿಗೆ ಪುಡಿಪುಡಿಯಾಗಿ ಕೈಗೆ ಹತ್ತುತ್ತದೆ. ತೋಟದೊಳಗೇ ಓಡಾಡುವ ಗಾಡಿಗೆ, ವರ್ಷಕ್ಕೊಮ್ಮೆ ತಾವೇ ಬಳಿದುಕೊಳ್ಳುವವರಿಗೆ ಇದರಲ್ಲಿ ತಪ್ಪೇನೂ ಇಲ್ಲ. ಎನ್‌ಸಿ ಬೇಗ ಒಣಗುತ್ತದೆ, ಹಳೆಯ ಕಾಲದ ಮೃದುವಾದ ಹೊಳಪು ಕೊಡುತ್ತದೆ, ತಿಕ್ಕಿ ಪಾಲಿಶ್ ಮಾಡಬಹುದು. ಆದರೆ ತೇವವಿರುವ ದಿನ ಹೊಡೆದರೆ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಮಂಜಾಗುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಬೆಂಗಳೂರಿನಲ್ಲಿ ಇದು ತಲೆನೋವು.

2ಕೆ ಪಿಯು (ಪಾಲಿಯುರೆಥೇನ್) ಅಂದರೆ ಪೇಂಟಿಗೆ ಹಾರ್ಡ್‌ನರ್ ಬೆರೆಸಿ ಹೊಡೆಯುವುದು. ಬೆರೆಸಿದ ಮೇಲೆ ಕೆಲವು ಗಂಟೆಯೊಳಗೆ ಮುಗಿಸಬೇಕು, ಮಿಕ್ಕಿದ್ದು ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಗಟ್ಟಿತನ, ಬಿಸಿಲು ತಾಳುವ ಗುಣ, ಪೆಟ್ರೋಲ್ ತಡೆಯುವ ಗುಣ ಎಲ್ಲದರಲ್ಲೂ ಇದೇ ಮೇಲು. ಇದರಲ್ಲೂ ಎರಡು ಬಗೆ. ಬಣ್ಣವೇ ಹೊಳಪನ್ನೂ ಕೊಡುವ ಸಿಂಗಲ್ ಸ್ಟೇಜ್ ಒಂದು. ಬಣ್ಣದ ಬೇಸ್‌ಕೋಟ್ ಮೇಲೆ ಪಾರದರ್ಶಕ ಕ್ಲಿಯರ್ ಹೊಡೆಯುವುದು ಇನ್ನೊಂದು.

ಹಳೇ ಜೀಪಿಗೆ ನನ್ನ ಓಟು ಸಿಂಗಲ್ ಸ್ಟೇಜ್ 2ಕೆಗೆ, ಮೆಟಾಲಿಕ್ ಅಲ್ಲದ ಸಾದಾ ಬಣ್ಣದಲ್ಲಿ. ಕಾರಣ ಮತ್ತೆ ರಿಪೇರಿಯೇ. ಗೀರು ಬಿದ್ದರೆ ಅದೇ ಬಣ್ಣದಲ್ಲಿ ತುಂಬಿ, 2000 ನಂಬರಿನ ಪೇಪರಿನಲ್ಲಿ ಉಜ್ಜಿ, ಪಾಲಿಶ್ ಕೊಟ್ಟರೆ ಮುಗಿಯಿತು. ಕ್ಲಿಯರ್ ಇರುವ ಗಾಡಿಯಲ್ಲಿ ಎರಡು ಪದರ ಸರಿಮಾಡಬೇಕು, ಅಂಚು ಬೆರೆಸುವುದಕ್ಕೆ ಒಳ್ಳೆ ಕೈ ಬೇಕು. ಮೇಲಾಗಿ ನೀರೊಳಗಿನ ಕಲ್ಲಿನ ಹಾಗೆ ಕಾಣುವ ಆ ಆಳದ ಹೊಳಪು ಹಳೇ ಜೀಪಿನ ಮುಖಕ್ಕೆ ಒಪ್ಪುವುದಿಲ್ಲ, ಅಜ್ಜನಿಗೆ ಫೇಶಿಯಲ್ ಮಾಡಿಸಿದ ಹಾಗಿರುತ್ತದೆ. ಮಾರುತಿ ಜಿಪ್ಸಿಯ ಮಾತು ಬೇರೆ. ಅದು 1985ರ ಕೊನೆಗೆ ಬಂದ ಗಾಡಿ, ಅದಕ್ಕೆ ಪೂರ್ತಿ ಕಾರಿನ ಫಿನಿಶ್ ಕೊಟ್ಟರೂ ಅಸಹಜ ಅನ್ನಿಸದು.

2ಕೆ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜು ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ಬರಬಹುದು, ಒಮ್ಮೆ ದೇಹಕ್ಕೆ ಒಗ್ಗದೆ ಹೋದರೆ ಮುಂದೆ ಚೂರು ಸೋಕಿದರೂ ಉಸಿರು ಕಟ್ಟುತ್ತದೆ. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಹೊಡೆಯುವ ಪೇಂಟರುಗಳನ್ನು ನಮ್ಮೂರಿನ ಎಲ್ಲ ಬೀದಿಯಲ್ಲೂ ನೋಡುತ್ತೇವೆ. ಧೂಳಿನ ಮಾಸ್ಕ್, ಎನ್95 ಕೂಡ ಇದಕ್ಕೆ ಸಾಲದು. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್ ಕನಿಷ್ಠ, ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಉತ್ತಮ. ನಿಮ್ಮ ಪೇಂಟರಿನ ಹತ್ತಿರ ಇಲ್ಲದಿದ್ದರೆ ನೀವೇ ಒಂದು ಕೊಂಡುಕೊಟ್ಟುಬಿಡಿ. ಮನೆಯ ತಾರಸಿ ಮೇಲೆ ನೀವೇ 2ಕೆ ಹೊಡೆಯುವ ಸಾಹಸ ಬೇಡ, ಪಕ್ಕದ ಮನೆಯವರ ಒಣಗಿದ ಬಟ್ಟೆಯ ವಿಷಯ ಹಾಗಿರಲಿ.

ಹಂತ 5: ಹೊಳಪಿನ ಮಟ್ಟ

ಹೊಳಪನ್ನು ಅಳೆಯುವುದಕ್ಕೆ ಮೀಟರ್ ಇದೆ. 60 ಡಿಗ್ರಿ ಕೋನದಲ್ಲಿ ಬೆಳಕು ಬಿಟ್ಟು ಎಷ್ಟು ವಾಪಸ್ ಬರುತ್ತದೆ ಅಂತ ಅಂಕಿ ಕೊಡುತ್ತದೆ. ಸ್ಥೂಲವಾಗಿ 80ರ ಮೇಲೆ ಗ್ಲಾಸಿ, 30ರ ಆಸುಪಾಸು ಸ್ಯಾಟಿನ್, 10ರ ಕೆಳಗೆ ಮ್ಯಾಟ್. ಒಬ್ಬ ಪೇಂಟರಿನ ಸ್ಯಾಟಿನ್ ಇನ್ನೊಬ್ಬರ ಸೆಮಿಗ್ಲಾಸಿ ಆಗಿರುತ್ತದೆ, ಹಾಗಾಗಿ ಬಾಯಿಮಾತು ನಂಬಬೇಡಿ, ತಗಡಿನ ಮೇಲಿನ ಸ್ಯಾಂಪಲ್ ಕೇಳಿ.

ಗ್ಲಾಸಿಯ ದೊಡ್ಡ ತೊಂದರೆ ಅದರ ಸತ್ಯಸಂಧತೆ. ಜೀಪಿನ ಪ್ಯಾನೆಲ್‌ಗಳು ಚಪ್ಪಟೆ. ಕಾರಿನ ಬಾಗಿದ ತಗಡಿನಲ್ಲಿ ಅಡಗುವ ತಗ್ಗುದಿಣ್ಣೆ ಇಲ್ಲಿ ಅಡಗುವುದಿಲ್ಲ. ಟಿಂಕರಿಂಗ್ ಮಾಡಿದ ಸೈಡ್ ಪ್ಯಾನೆಲಿಗೆ ಗ್ಲಾಸಿ ಹೊಡೆದು ಸಂಜೆ ಟ್ಯೂಬ್‌ಲೈಟ್ ಕೆಳಗೆ ನಿಲ್ಲಿಸಿದರೆ, ಬೆಳಕಿನ ನೇರ ಗೆರೆ ಹಾವಿನ ಹಾಗೆ ಹೊರಳುತ್ತದೆ. ಅದನ್ನು ನೆಟ್ಟಗೆ ಮಾಡಲು ಪುಟ್ಟಿ ಹೆಚ್ಚು ಹಾಕಬೇಕು. ಪುಟ್ಟಿ ದಪ್ಪಗಾದಷ್ಟೂ ಮೈ ಮುರಿಯುವ ದಾರಿಯಲ್ಲಿ ಬಾಡಿ ತಿರುಚಿದಾಗ ಅದು ಬಿರಿಯುತ್ತದೆ. ಕಾರ್ಖಾನೆಯಲ್ಲೂ ಈ ಜೀಪುಗಳ ತಗಡು ಕನ್ನಡಿಯ ಹಾಗೆ ಇರಲಿಲ್ಲ ಅನ್ನುವುದನ್ನು ನೆನಪಿಡಿ. ಮಡಿಕೆಯ ಗುರುತು, ಸ್ಪಾಟ್ ವೆಲ್ಡಿನ ಕುಳಿ, ಇವೆಲ್ಲ ಕಾಣಬೇಕು. ಅವನ್ನು ಮುಚ್ಚಿ ನುಣುಪು ಮಾಡಿದ ಜೀಪ್ ನೋಡಿದರೆ ನನಗೆ ಯಾಕೋ ಆಟದ ಸಾಮಾನು ನೋಡಿದ ಹಾಗಾಗುತ್ತದೆ.

ಮ್ಯಾಟ್‌ನ ಗುಣ ತದ್ವಿರುದ್ಧ. ತಗಡಿನ ತಪ್ಪನ್ನೆಲ್ಲ ನುಂಗಿಕೊಳ್ಳುತ್ತದೆ, ತನ್ನ ಮೇಲಿನ ತಪ್ಪನ್ನು ಮಾತ್ರ ಮರೆಮಾಚುವುದಿಲ್ಲ. ಅದರ ಮೇಲ್ಮೈ ಸೂಕ್ಷ್ಮವಾಗಿ ಒರಟು, ಬೆಳಕು ಚದುರುವುದೇ ಆ ಒರಟಿನಿಂದ. ತಿಕ್ಕಿದರೆ ಒರಟು ಸವೆದು ಹೊಳೆಯುತ್ತದೆ, ಪಾಲಿಶ್ ಹಚ್ಚುವಂತಿಲ್ಲ, ಎಣ್ಣೆಗೈ ಸೋಕಿದರೆ ಅಚ್ಚು ಉಳಿಯುತ್ತದೆ. ಬೆಂಗಳೂರಿನ ರಸ್ತೆಬದಿಯಲ್ಲಿ ಗಾಡಿ ನಿಲ್ಲಿಸುವವರು ಮರದ ಕೆಳಗೇ ನಿಲ್ಲಿಸುತ್ತಾರೆ: ಹೊಂಗೆ, ಮಳೆಮರ, ಮೇಲೆ ಕಾಗೆ, ಬಾವಲಿ. ಹಿಕ್ಕೆ ಒಂದು ಮಧ್ಯಾಹ್ನದ ಬಿಸಿಲಿಗೆ ಒಣಗಿದರೆ ಸಾಕು, ಮ್ಯಾಟ್ ಮೇಲೆ ಅದರ ನಕಾಶೆ ಖಾಯಂ. ಮುಚ್ಚಿದ ಶೆಡ್ ಇದೆ, ತೊಳೆಯುವುದು ನಾನೇ, ಸರ್ವಿಸ್ ಸ್ಟೇಷನ್ ಬ್ರಷ್ಷಿಗೆ ಕೊಡುವುದಿಲ್ಲ ಅನ್ನುವವರು ಮಾಡಿಸಿಕೊಳ್ಳಿ.

ಸ್ಯಾಟಿನ್ ನೋಡಲು ಎಲ್ಲಕ್ಕಿಂತ ಚೆಂದ, ಹಳೇ ಗಾಡಿಗೆ ಹೊಂದುವ ಮುಖ ಅದೇ. ಅಲೆಗಳನ್ನು ಬಹುಪಾಲು ಮುಚ್ಚುತ್ತದೆ, ಮ್ಯಾಟ್‌ನಷ್ಟು ಕೊಳೆ ಹಿಡಿಯುವುದಿಲ್ಲ. ಆದರೆ ಇದನ್ನೂ ಪಾಲಿಶ್ ಮಾಡುವಂತಿಲ್ಲ, ತೇಪೆ ಹಾಕಿದರೆ ಹೊಳಪು ಒಂದೇ ಮಟ್ಟಕ್ಕೆ ಬರುವುದು ಕಷ್ಟ.

ಹಾಗಾದರೆ? ನಾನು ಕಂಡುಕೊಂಡ ದಾರಿ ಅಂದರೆ ಗ್ಲಾಸಿಯ ರಿಪೇರಿ ಸುಲಭವನ್ನು ಇಟ್ಟುಕೊಂಡು, ಅಲೆ ಮುಚ್ಚುವ ಕೆಲಸವನ್ನು ಬಣ್ಣಕ್ಕೆ ವಹಿಸುವುದು. ಕಡು ಬಣ್ಣ ಪ್ರತಿಬಿಂಬವನ್ನು ಎತ್ತಿ ತೋರಿಸುತ್ತದೆ, ತಿಳಿ ಬಣ್ಣ ಅದನ್ನು ಕರಗಿಸುತ್ತದೆ. ಕಪ್ಪು ಗ್ಲಾಸಿ ಜೀಪಿನಲ್ಲಿ ಹತ್ತು ಅಡಿ ದೂರಕ್ಕೆ ಕಾಣುವ ತಗ್ಗು, ಕೆನೆಬಣ್ಣದ ಗ್ಲಾಸಿಯಲ್ಲಿ ಮೂಗು ತಾಗಿಸಿದರೂ ಕಾಣುವುದಿಲ್ಲ. ಕೆನೆ, ತಿಳಿಬೂದು, ಮಾಸಿದ ನೀಲಿ, ಒಣಮಣ್ಣಿನ ಬಣ್ಣ, ಇವೆಲ್ಲ ಆ ಕಾಲದ ಗಾಡಿಗೆ ಒಪ್ಪುವಂಥವೇ. ಬಿಸಿಲಲ್ಲಿ ಕಾಯುವುದೂ ಕಡಿಮೆ. ನಮ್ಮ ಕಡೆಯ ಕೆಮ್ಮಣ್ಣಿನ ಧೂಳು ಕೂತರೂ ಗಲೀಜಾಗಿ ಕಾಣದ್ದು ಒಣಮಣ್ಣಿನ ಬಣ್ಣ ಮಾತ್ರ.

ಹಂತ 6: ಒಂದೇ ಗಾಡಿಗೆ ನಾಲ್ಕು ಫಿನಿಶ್

ಇಡೀ ಗಾಡಿಗೆ ಒಂದೇ ಫಿನಿಶ್ ಇರಬೇಕು ಅಂತ ಯಾರೂ ಹೇಳಿಲ್ಲ.

ಬಾಡಿಯ ಹೊರಮೈಗೆ ಗ್ಲಾಸಿ ಸಿಂಗಲ್ ಸ್ಟೇಜ್. ಬಾನೆಟ್ಟಿನ ಮೇಲ್ಭಾಗಕ್ಕೂ ಡ್ಯಾಶ್‌ಬೋರ್ಡಿಗೂ ಅದೇ ಬಣ್ಣದ ಸ್ಯಾಟಿನ್. ಮಧ್ಯಾಹ್ನ ಓಡಿಸುವಾಗ ಚಪ್ಪಟೆ ಬಾನೆಟ್ ಕಣ್ಣಿಗೆ ಕನ್ನಡಿ ಹಿಡಿಯುತ್ತದೆ, ಅದು ತಪ್ಪುತ್ತದೆ. ಬಾನೆಟ್ ಬಿಚ್ಚಿ ಒಯ್ಯಬಹುದಾದ ಬಿಡಿ ಭಾಗ, ಮುಂದೆ ಅದೊಂದನ್ನೇ ಮತ್ತೆ ಹೊಡೆಸಿದರೂ ಹೊರೆಯಲ್ಲ.

ಒಳಗಿನ ನೆಲಕ್ಕೆ, ಹಿಂದಿನ ವೀಲ್ ಆರ್ಚ್ ಮೇಲೆ ಒರಟು ಟೆಕ್ಸ್ಚರಿನ ಬೆಡ್‌ಲೈನರ್ ಎಂಬ ದಪ್ಪ ಲೇಪ. ಬೂಟಿನ ಕಲ್ಲು, ಜ್ಯಾಕು, ಸೌದೆ, ಏನು ಬಿದ್ದರೂ ತಡೆಯುತ್ತದೆ. ಆದರೆ ಅದರ ಕೆಳಗೆ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಇರಲೇಬೇಕು, ನೀರಿಳಿಯುವ ತೂತುಗಳನ್ನು ಮುಚ್ಚಬಾರದು. ನೆಲದಡಿಯ ಹ್ಯಾಟ್ ಚಾನೆಲ್ ಎಂಬ ಪೊಳ್ಳು ಪಟ್ಟಿಗಳಲ್ಲಿ ಕೆಸರು ನಿಂತೇ ಈ ಗಾಡಿಗಳು ಕೊಳೆಯುವುದು, ಅಲ್ಲಿಗೆ ಪೇಂಟ್ ತಲುಪುವುದಿಲ್ಲ. ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ ಎಂಬ ತುಕ್ಕು ತಡೆಯುವ ಮೇಣ ಬಿಡಬೇಕು.

ಛಾಸಿಗೆ ಪೌಡರ್ ಕೋಟಿಂಗ್, ಅಂದರೆ ಪೇಂಟಿನ ಪುಡಿ ಹಚ್ಚಿ ಬೇಯಿಸುವುದು, ಮಾಡಿಸಿ ಅಂತ ಬಹಳ ಜನ ಹೇಳುತ್ತಾರೆ. ಪೀಣ್ಯದಲ್ಲಿ ಸ್ಯಾಂಡ್‌ಬ್ಲಾಸ್ಟಿಂಗ್ (ಮರಳು ಚಿಮ್ಮಿಸಿ ಹಳೇ ಪೇಂಟು, ತುಕ್ಕು ತೆಗೆಯುವುದು), ಪೌಡರ್ ಕೋಟಿಂಗ್ ಮಾಡುವವರು ಬೇಕಾದಷ್ಟು ಇದ್ದಾರೆ. ಸುಮಾರು 180-200 ಡಿಗ್ರಿ ಒಲೆಯಲ್ಲಿ ಬೆಂದು ಬಂದ ಛಾಸಿ ಹೊಸ ಬಾಣಲೆಯ ಹಾಗೆ ಕಾಣುತ್ತದೆ, ನಿಜ. ಆದರೆ ಕಲ್ಲೇಟಿಗೆ ಒಂದು ಕಡೆ ಒಡೆದರೆ ಅದರಡಿ ನೀರು ಹರಿದು ತುಕ್ಕು ಕಣ್ಣಿಗೆ ಬೀಳದ ಹಾಗೆ ಹರಡುತ್ತದೆ, ಮೇಲಿನ ಪದರ ಹಾಳೆಯ ಹಾಗೆ ಏಳುವವರೆಗೂ ಗೊತ್ತಾಗುವುದಿಲ್ಲ. ಮುಂದೆ ವೆಲ್ಡಿಂಗ್ ಬಂದರೆ ಇನ್ನೂ ಫಜೀತಿ. ಛಾಸಿಗೆ ನನ್ನ ಆಯ್ಕೆ: ಬ್ಲಾಸ್ಟ್ ಮಾಡಿಸಿ, ಅದೇ ದಿನ ಎಪಾಕ್ಸಿ ಪ್ರೈಮರ್, ಮೇಲೆ ಸ್ಯಾಟಿನ್ ಕಪ್ಪು 2ಕೆ. ಕೆರೆದುಹೋದರೆ ಬ್ರಷ್ಷಿನಲ್ಲೇ ಬಳಿದುಕೊಳ್ಳಬಹುದು. ಪೌಡರ್ ಕೋಟಿಂಗನ್ನು ಬಂಪರಿಗೂ ಬ್ರಾಕೆಟ್ಟುಗಳಿಗೂ ಇಟ್ಟುಕೊಳ್ಳಿ. ಬಾಡಿ ಪ್ಯಾನೆಲ್‌ಗಳನ್ನು ಬ್ಲಾಸ್ಟಿಂಗಿಗೆ ಕೊಡುವುದಾದರೆ ನೀವು ಪಕ್ಕದಲ್ಲೇ ನಿಲ್ಲಿ. ಹೆಚ್ಚು ಒತ್ತಡದಲ್ಲಿ ಹತ್ತಿರದಿಂದ ಹೊಡೆದರೆ ಚಪ್ಪಟೆ ತಗಡು ದೋಸೆಯ ಹಾಗೆ ಉಬ್ಬುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ.

ಹಂತ 7: ಬಣ್ಣ ಕೂಡಿಸುವುದು

ಡ್ಯಾಶ್‌ಬೋರ್ಡಿನ ಹಿಂದಿನಿಂದ ಬಿಚ್ಚಿದ ಒಂದು ಚಿಕ್ಕ ಭಾಗವನ್ನು, ಮೂಲ ಬಣ್ಣ ಕಾಣುವ ಹಾಗೆ ಒರೆಸಿ, ಜೊತೆಗೆ ಒಯ್ಯಿರಿ. ಜೆ.ಸಿ. ರಸ್ತೆಯ ಸುತ್ತಮುತ್ತ ಆಟೊಮೊಬೈಲ್ ಅಂಗಡಿಗಳ ಸಾಲಿನಲ್ಲಿ ಬಣ್ಣ ಬೆರೆಸಿಕೊಡುವವರು ಸಿಗುತ್ತಾರೆ. ಕೆಲವರ ಹತ್ತಿರ ಬಣ್ಣ ಓದುವ ಯಂತ್ರ ಇರುತ್ತದೆ. ಯಂತ್ರ ಮಾಸಿದ ಬಣ್ಣವನ್ನೇ ಓದುತ್ತದೆ ಅನ್ನುವುದು ನೆನಪಿರಲಿ, ಸ್ವಲ್ಪ ಪಾಲಿಶ್ ಹಾಕಿ ಹೊಸ ಮೈ ತೆಗೆದು ಕೊಡಿ.

ಮೂಲ ಬಣ್ಣ ಸಿಗದಿದ್ದರೆ ಕೋಡ್ ಇರುವ ಬಣ್ಣ ಆರಿಸಿ. ಜರ್ಮನಿಯ ರಾಲ್ (RAL) ಬಣ್ಣಪಟ್ಟಿ ಇದೆ, ನಮ್ಮದೇ ಭಾರತೀಯ ಮಾನಕ ಐಎಸ್ 5 ಪಟ್ಟಿಯೂ ಇದೆ. ಆಕಾಶ ನೀಲಿಗೆ 101, ಅಂಚೆ ಡಬ್ಬಿಯ ಕೆಂಪಿಗೆ 538, ತಿಳಿಬೂದಿಗೆ 631 ಅಂತ. 220 ಅಂದರೆ ಆಲಿವ್ ಗ್ರೀನ್, ಅದರ ಕತೆ ಮೇಲೆಯೇ ಹೇಳಿಯಾಯಿತು. ಕೋಡ್ ಇದ್ದರೆ ಐದು ವರ್ಷದ ಮೇಲೆ ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಅದೇ ಬಣ್ಣ ಕೂಡಿಸಿಕೊಳ್ಳಬಹುದು. ಕಣ್ಣಳತೆಯಲ್ಲಿ ಬೆರೆಸಿದ ಬಣ್ಣ ಆ ಡಬ್ಬಿಯೊಂದಿಗೇ ತೀರಿತು.

ಎಷ್ಟು ಬೇಕು? ಲೆಕ್ಕ ಸುಲಭ. ಪೇಂಟಿನಲ್ಲಿ ಅರ್ಧ ಗಟ್ಟಿ ಪದಾರ್ಥ ಇದೆ ಅಂತಿಟ್ಟುಕೊಂಡರೆ ಒಂದು ಲೀಟರ್ 50 ಮೈಕ್ರಾನ್ ದಪ್ಪಕ್ಕೆ 10 ಚದರ ಮೀಟರ್ ಬರಬೇಕು. ಗನ್ನಿನಿಂದ ಗಾಳಿಗೆ ಹಾರುವುದು ಕಳೆದರೆ ಐದಾರು ಬಂದರೆ ಪುಣ್ಯ. ಗಿಡ್ಡ ಜೀಪಿನ ಒಳಹೊರಗು ಅಳೆದರೆ 20-25 ಚದರ ಮೀಟರ್ ಆಗುತ್ತದೆ. ಅಂದರೆ ನಾಲ್ಕರಿಂದ ಐದು ಲೀಟರ್. ಎಲ್ಲವನ್ನೂ ಒಂದೇ ಸಲ ಬೆರೆಸಿಸಿ, ಅರ್ಧ ಲೀಟರ್ ಹೆಚ್ಚಿಗೇ ತೆಗೆದುಕೊಳ್ಳಿ. ಕೊನೆಗೆ ಒಂದು ಬಾಗಿಲಿನಷ್ಟು ಬಣ್ಣ ಸಾಲದೆ ಹೋಗಿ ಮತ್ತೆ ಬೆರೆಸಿಸಿದರೆ ಅದು ತಂಗಿಯಾಗುತ್ತದೆಯೇ ಹೊರತು ಅವಳಿ ಆಗುವುದಿಲ್ಲ.

ಹಂತ 8: ತಗಡಿನ ಮೇಲೆ ಪರೀಕ್ಷೆ

ಶಿವಾಜಿನಗರದ ಗುಜರಿಯಲ್ಲಿ ಯಾವುದಾದರೂ ಹಳೇ ಬಾನೆಟ್ಟಿನ ತುಂಡು ತನ್ನಿ. ಸ್ವಲ್ಪ ಬಾಗಿರಲಿ, ಸ್ವಲ್ಪ ಚಪ್ಪಟೆ ಇರಲಿ, ಒಂದು ಸಣ್ಣ ತಗ್ಗೂ ಇರಲಿ. ಅದಕ್ಕೆ ನಿಮ್ಮ ಗಾಡಿಗೆ ಹೊಡೆಯುವ ಕ್ರಮದಲ್ಲೇ ಪ್ರೈಮರ್, ಬಣ್ಣ ಹೊಡೆಸಿ, ಅರ್ಧ ಗ್ಲಾಸಿ ಅರ್ಧ ಸ್ಯಾಟಿನ್. ಬೆಳಿಗ್ಗೆ ಎಂಟಕ್ಕೆ, ನಡುಮಧ್ಯಾಹ್ನಕ್ಕೆ, ರಾತ್ರಿ ಬೀದಿದೀಪದ ಕೆಳಗೆ, ಮೂರು ಹೊತ್ತು ನೋಡಿ. ವಾರ ಕಳೆದ ಮೇಲೆ ಬೀಗದ ಕೈಯಿಂದ ಒಂದು ಗೆರೆ ಎಳೆದು, ಆ ಗೆರೆಯನ್ನು ಸರಿಮಾಡಿಕೊಡಿ ಅಂತ ನಿಮ್ಮ ಪೇಂಟರಿಗೇ ಹೇಳಿ. ಸರಿಮಾಡಿದ್ದು ಕಂಡರೆ ಆ ಫಿನಿಶ್ ಬೇಡ. ನಮ್ಮ ಪೇಂಟರ್ ಭಾಯ್ ಮೊದಲು ನಕ್ಕರು, ಆಮೇಲೆ, “ಸಾರ್, ಇಷ್ಟು ವರ್ಷದಲ್ಲಿ ಹೊಸ ಪೇಂಟಿಗೆ ಬೀಗದಕೈ ಹಾಕಿದವರು ನೀವೇ ಫಸ್ಟು” ಅಂದರು.

ಹಂತ 9: ಹೊಡೆಸುವಾಗ ಪಕ್ಕದಲ್ಲಿ ನಿಂತು ನೋಡಬೇಕಾದ್ದು

ಕ್ರಮ ಹೀಗಿರಲಿ: ಶುದ್ಧ ತಗಡು, ಎಪಾಕ್ಸಿ ಪ್ರೈಮರ್, ಬೇಕಾದ ಕಡೆ ಮಾತ್ರ ಪಾಲಿಯೆಸ್ಟರ್ ಪುಟ್ಟಿ, ಮೇಲೆ ಮೈ ಸಮ ಮಾಡುವ 2ಕೆ ಸರ್ಫೇಸರ್, ಆಮೇಲೆ ಬಣ್ಣ. ಪುಟ್ಟಿ ಉಜ್ಜುವುದನ್ನು 80 ನಂಬರಿನ ಪೇಪರಿನಿಂದ ಶುರುಮಾಡಿ 180, 320ಕ್ಕೆ ಬಂದು, ಬಣ್ಣಕ್ಕೆ ಮೊದಲು 400-600ರಲ್ಲಿ ಮುಗಿಸಬೇಕು. ಸ್ಯಾಟಿನ್ ಹೊಡೆಯುವ ಭಾಗವನ್ನು ಇನ್ನೂ ಜೋಪಾನವಾಗಿ ಉಜ್ಜಿಸಿ, ಅಲ್ಲಿ ಆಮೇಲೆ ಪಾಲಿಶ್ ಮಾಡಿ ಸರಿಪಡಿಸುವ ಅವಕಾಶವಿಲ್ಲ. ಎಚ್ (etch) ಪ್ರೈಮರ್ ಅನ್ನುವ ಆಮ್ಲದ ಪ್ರೈಮರ್ ಮೇಲೆ ನೇರ ಪುಟ್ಟಿ ಬೇಡ, ಹಿಡಿಯುವುದಿಲ್ಲ.

ನೀರಿನ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ನಮ್ಮ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಉಜ್ಜಿ ಹಾಗೇ ಒಣಗಲು ಬಿಟ್ಟರೆ ಉಪ್ಪಿನಂಶ ಮೇಲ್ಮೈಯಲ್ಲಿ ಉಳಿಯುತ್ತದೆ. ಮಳೆಗಾಲದಲ್ಲಿ ಅದು ಪೇಂಟಿನ ಮೂಲಕ ತೇವ ಎಳೆದುಕೊಂಡು ಸಾಸಿವೆ ಕಾಳಿನಷ್ಟು ಗುಳ್ಳೆ ಎಬ್ಬಿಸುತ್ತದೆ. ಕೊನೆಯ ತೊಳೆತಕ್ಕೆ ಕಾವೇರಿ ನೀರೋ ಫಿಲ್ಟರ್ ನೀರೋ ಒಂದೆರಡು ಕೊಡ ಒಯ್ದುಕೊಡಿ.

ಹವೆ ನೋಡಿ ದಿನ ಗೊತ್ತುಮಾಡಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಚಳಿಗಾಲದ ಬೆಳಿಗ್ಗೆ ತಗಡಿನ ಮೇಲೆ ಇಬ್ಬನಿ ಇರುತ್ತದೆ, ಹತ್ತು ಗಂಟೆ ದಾಟಲಿ. ತಗಡಿನ ಬಿಸಿ ಇಬ್ಬನಿ ಕಟ್ಟುವ ತಾಪಮಾನಕ್ಕಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು ಅನ್ನುವುದು ಪೇಂಟ್ ಕೆಲಸದ ಹಳೇ ಲೆಕ್ಕ. ಏಪ್ರಿಲ್-ಮೇ ಮಧ್ಯಾಹ್ನ ಹೊಡೆಯುವುದಾದರೆ ನಿಧಾನಕ್ಕೆ ಆರುವ ಥಿನ್ನರ್ ಹಾಕಿಸಿ, ಇಲ್ಲದಿದ್ದರೆ ಮೇಲೆ ಆರಿ ಒಳಗೆ ಹಸಿ ಉಳಿದು ಸೂಜಿತೂತುಗಳು ಬೀಳುತ್ತವೆ. ಕಂಪ್ರೆಸರಿನ ನೀರು ಹಿಡಿಯುವ ಫಿಲ್ಟರ್ ಬಿಚ್ಚಿ ನೋಡಿ. ಬಣ್ಣಕ್ಕೆ 1.3 ಅಥವಾ 1.4 ಮಿ.ಮೀ. ನಾಜಲ್, ಸರ್ಫೇಸರಿಗೆ ಅದಕ್ಕಿಂತ ದೊಡ್ಡದು. ಒಂದು ಕೋಟ್‌ಗೂ ಇನ್ನೊಂದಕ್ಕೂ ನಡುವೆ 10-15 ನಿಮಿಷ ಬಿಡಲಿ. ಅಷ್ಟು ಹೊತ್ತು ಪೇಂಟರಿಗೆ ಕಾಫಿ ಕೊಡಿಸುವುದು ನಿಮ್ಮ ಕೆಲಸ.

ಹಂತ 10: ಗಾಡಿ ಮನೆಗೆ ಬಂದ ಮೇಲೆ

ಮೊದಲ ವಾರ ತೊಳೆಯಬೇಡಿ, ಮರದ ಕೆಳಗೆ ನಿಲ್ಲಿಸಬೇಡಿ, ಕವರ್ ಹಾಕಬೇಡಿ. ಒಂದು ತಿಂಗಳು ವ್ಯಾಕ್ಸ್ ಬೇಡ. ಸ್ಯಾಟಿನ್ ಭಾಗಕ್ಕೆ ಯಾವತ್ತೂ ಪಾಲಿಶ್ ಬೇಡ, ಮೆತ್ತನೆಯ ಶಾಂಪೂ ನೀರು ಸಾಕು. ಹಕ್ಕಿ ಹಿಕ್ಕೆ ಬಿದ್ದರೆ ಒರೆಸಬೇಡಿ, ಒದ್ದೆ ಬಟ್ಟೆ ಹಾಸಿ ನೆನೆಸಿ ಎತ್ತಿ.

ಮಿಕ್ಕ ಪೇಂಟನ್ನು ಹಾರ್ಡ್‌ನರ್ ಬೆರೆಸದೆ, ಕಂಠಮಟ್ಟ ತುಂಬುವಂಥ ಚಿಕ್ಕ ಗಾಜಿನ ಶೀಸೆಗಳಿಗೆ ಸುರಿದಿಡಿ. ದೊಡ್ಡ ಡಬ್ಬಿಯಲ್ಲಿ ತಳದಲ್ಲಿ ಉಳಿದರೆ ಗಾಳಿಗೆ ಕೆನೆಗಟ್ಟುತ್ತದೆ. ಪ್ರತಿ ಶೀಸೆಯ ಮೇಲೂ ಬಣ್ಣದ ಕೋಡ್, ಬೆರೆಸಿದ ತಾರೀಖು, ಹಾರ್ಡ್‌ನರ್ ಅಳತೆ ಬರೆದು ಅಂಟಿಸಿ. ನಾನು ಅದನ್ನೇ ಗ್ಲೋವ್ ಬಾಕ್ಸಿನ ಒಳಗೋಡೆಯ ಮೇಲೆ ಪರ್ಮನೆಂಟ್ ಮಾರ್ಕರಿನಲ್ಲಿಯೂ ಬರೆದಿದ್ದೇನೆ. ಕಳೆದ ಮಳೆಗಾಲದಲ್ಲಿ ಲಂಟಾನ ಮತ್ತೆ ಎಡಮಗ್ಗುಲಿಗೇ ಗೆರೆ ಎಳೆಯಿತು. ದಾರಿಯಲ್ಲಿ ಸಿಕ್ಕ ಸಣ್ಣ ಗ್ಯಾರೇಜಿನ ಹುಡುಗ ಗ್ಲೋವ್ ಬಾಕ್ಸ್ ತೆಗೆದು ಓದಿಕೊಂಡು, ಶೀಸೆ ಅಲ್ಲಾಡಿಸಿ, ತೆಳುವಾದ ಬ್ರಷ್ಷಿನಲ್ಲಿ ಗೆರೆ ತುಂಬಿದ. ಒಣಗಿದ ಮೇಲೆ ಮನೆಯಲ್ಲಿ ನಾನೇ 2000 ಪೇಪರ್ ಹಿಡಿದು ಉಜ್ಜಿದೆ. ಅದು ಎಲ್ಲಿತ್ತು ಅಂತ ಈಗ ನಾನೂ ಹುಡುಕಬೇಕು.